ಸಮಾಂತರ ಶ್ರೇಢಿಯ ಮುಂದಿನ ಪದಗಳು: ಕೂಡಿಸುವ ಮೊದಲು ಕಳೆದು ನೋಡಿ

“ಮುಂದಿನ ಮೂರು ಪದಗಳನ್ನು ಬರೆಯಿರಿ” ಎಂಬ ಪ್ರಶ್ನೆಯನ್ನು ಹತ್ತನೇ ತರಗತಿಯ ಮಕ್ಕಳು ಪುಕ್ಕಟೆ ಸಿಗುವ ಅಂಕವೆಂದೇ ಎಣಿಸುತ್ತಾರೆ. 4, 9, 14, 19 ಎಂದು ಕೊಟ್ಟರೆ 24, 29, 34 ಎಂದು ಬರೆಯಲು ಯಾರಿಗೂ ಕಷ್ಟವಿಲ್ಲ. ಅದೇ ಮಕ್ಕಳ ಮುಂದೆ 1/6, 1/4, 1/3, 5/12 ಎಂದು ಬರೆದಿಡಿ. “ಇದು ಶ್ರೇಢಿಯೇ ಅಲ್ಲ” ಎಂಬ ಉತ್ತರ ತಕ್ಷಣ ಬರುತ್ತದೆ. 11, 7, 3 ಕೊಟ್ಟರೆ ಮುಂದಿನದು ಸೊನ್ನೆ ಎನ್ನುವವರೂ ಇದ್ದಾರೆ. ಇವರಿಗೆ ಕೂಡಿಸಲು ಬರುವುದಿಲ್ಲ ಎಂದಲ್ಲ. ಎಷ್ಟನ್ನು ಕೂಡಿಸಬೇಕು ಎಂದು ತಿಳಿಯುವ ಮೊದಲೇ ಕೂಡಿಸಲು ಹೊರಡುತ್ತಾರೆ, ಅಷ್ಟೇ.

ಶಿವಮೊಗ್ಗ ಸೀಮೆಯ ಕನ್ನಡ ಮಾಧ್ಯಮದ ಮಕ್ಕಳನ್ನೂ ಸಂಜೆ ಅವರ ಪಕ್ಕದಲ್ಲಿ ಕುಳಿತು ಲೆಕ್ಕ ಮಾಡಿಸುವ ಹಿರಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ಉದಾಹರಣೆಗಳು ಅಡಿಕೆ ತೋಟ, ಜಲಾಶಯ, ಬಸ್ ನಿಲ್ದಾಣ, ಸಂತೆಗಳ ಸುತ್ತಲೇ ಇವೆ. ಪೆನ್ನು ಕೈಯಲ್ಲಿ ಹಿಡಿದೇ ಓದಿ.

ಯಾವುದನ್ನು ಸಮಾಂತರ ಶ್ರೇಢಿ ಎನ್ನುತ್ತೇವೆ?

ಒಂದು ಸಂಖ್ಯೆಯಿಂದ ಶುರುಮಾಡಿ, ಪ್ರತಿ ಸಲವೂ ಒಂದೇ ಮೊತ್ತವನ್ನು ಕೂಡಿಸುತ್ತ ಹೋದರೆ ಸಿಗುವ ಸಾಲು ಸಮಾಂತರ ಶ್ರೇಢಿ. ಸಾಲಿನ ಪ್ರತಿಯೊಂದು ಸಂಖ್ಯೆ ಒಂದು ಪದ. ಪ್ರತಿ ಸಲ ಕೂಡಿಸುವ ಮೊತ್ತ ಸಾಮಾನ್ಯ ವ್ಯತ್ಯಾಸ. ಅದು ಧನ ಸಂಖ್ಯೆಯಾಗಿರಬಹುದು, ಋಣ ಸಂಖ್ಯೆಯಾಗಿರಬಹುದು, ಭಿನ್ನರಾಶಿಯಾಗಿರಬಹುದು, ಸೊನ್ನೆಯೂ ಆಗಿರಬಹುದು. 6, 6, 6, 6 ಕೂಡ ಸಮಾಂತರ ಶ್ರೇಢಿಯೇ. ಅಲ್ಲಿ ವ್ಯತ್ಯಾಸ ಸೊನ್ನೆ. ಪುಸ್ತಕಗಳಲ್ಲಿ ಮೊದಲ ಪದಕ್ಕೆ ಎ, ವ್ಯತ್ಯಾಸಕ್ಕೆ ಡಿ, ಪದಗಳ ಸಂಖ್ಯೆಗೆ ಎನ್ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಇಲ್ಲಿ ನಾನು ಹೆಸರುಗಳನ್ನೇ ಬಳಸುತ್ತೇನೆ. ಅಕ್ಷರಗಳನ್ನು ಮೊದಲೇ ಬಾಯಿಪಾಠ ಮಾಡಿದ ಮಕ್ಕಳು ಯಾವ ಅಕ್ಷರ ಯಾವುದರದ್ದು ಎಂಬುದನ್ನೇ ಮರೆಯುವುದು ಹೆಚ್ಚು.

ಮೊದಲ ಹೆಜ್ಜೆ: ಪ್ರತಿ ಜೋಡಿಯನ್ನೂ ಕಳೆಯಿರಿ

ಕೊಟ್ಟ ಪದಗಳನ್ನು ಸ್ವಲ್ಪ ಬಿಡಿಬಿಡಿಯಾಗಿ ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ, ಎರಡೆರಡು ಪದಗಳ ನಡುವೆ ಬರುವಂತೆ, ಅವುಗಳ ವ್ಯತ್ಯಾಸವನ್ನು ಬರೆಯಿರಿ. ಯಾವಾಗಲೂ ಬಲಗಡೆಯ ಪದದಿಂದ ಎಡಗಡೆಯ ಪದವನ್ನೇ ಕಳೆಯಬೇಕು. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಹಳೆಯ ಅಭ್ಯಾಸವನ್ನು ಇಲ್ಲಿ ಬಿಡಬೇಕು; ಇಳಿಯುವ ಶ್ರೇಢಿಗಳಲ್ಲಿ ಉತ್ತರ ಕೆಡುವುದು ಆ ಅಭ್ಯಾಸದಿಂದಲೇ.

8, 15, 22, 29 ಎಂಬ ಸಾಲನ್ನು ತೆಗೆದುಕೊಳ್ಳಿ.

15 − 8 = 7
22 − 15 = 7
29 − 22 = 7

ಮೂರೂ ಕಡೆ 7. ಹಾಗಾಗಿ ಇದು ಸಮಾಂತರ ಶ್ರೇಢಿ, ಸಾಮಾನ್ಯ ವ್ಯತ್ಯಾಸ 7.

ಮೊದಲ ಜೋಡಿಯೊಂದನ್ನೇ ನೋಡಿ ಮುಂದೆ ಹೋದರೆ ಏನಾಗುತ್ತದೆ? 3, 6, 12, 24 ಎಂಬ ಸಾಲಿನಲ್ಲಿ ಮೊದಲ ವ್ಯತ್ಯಾಸ 3. ಅಲ್ಲಿಗೇ ನಿಲ್ಲಿಸಿದವರು 27 ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮುಂದಿನ ವ್ಯತ್ಯಾಸಗಳು 6 ಮತ್ತು 12. ಅಲ್ಲಿ ಪ್ರತಿ ಪದವೂ ಹಿಂದಿನದರ ಎರಡರಷ್ಟು. ಅದು ಗುಣೋತ್ತರ ಶ್ರೇಢಿ, ಮುಂದಿನ ಪದ 48. ಎರಡನೆಯ ಕಳೆಯುವಿಕೆಗೆ ಐದು ಸೆಕೆಂಡು ಸಾಕು. ಅದನ್ನು ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ ಎಂಬುದು ನನ್ನ ಹಟ.

ಎರಡನೇ ಹೆಜ್ಜೆ: ಕೊನೆಯ ಪದಕ್ಕೆ ಕೂಡಿಸುತ್ತ ಹೋಗಿ

ವ್ಯತ್ಯಾಸ ಖಚಿತವಾದ ಮೇಲೆ ಉಳಿದ ಕೆಲಸ ಸಣ್ಣದು. 29 + 7 = 36, 36 + 7 = 43, 43 + 7 = 50. ಮುಂದಿನ ಮೂರು ಪದಗಳು 36, 43, 50.

ಈಗ ತೋಟಕ್ಕೆ ಬರೋಣ. ಅಡಿಕೆ ಸಸಿಗಳ ನಡುವೆ ಸಾಮಾನ್ಯವಾಗಿ ಶಿಫಾರಸು ಮಾಡುವ ಅಂತರ 2.7 ಮೀಟರ್, ಅಂದರೆ ಹೆಚ್ಚುಕಡಿಮೆ ಒಂಬತ್ತು ಅಡಿ. ತೋಟದ ಒಂದು ಬದಿಯ ಅಗಳದಿಂದ ನಾಲ್ಕೂವರೆ ಅಡಿ ಬಿಟ್ಟು ಮೊದಲ ಗುಣಿ ತೆಗೆಯುತ್ತೀರಿ ಎಂದುಕೊಳ್ಳಿ. ಅಗಳದಿಂದ ಗುಣಿಗಳ ದೂರ ಅಡಿಗಳಲ್ಲಿ ಹೀಗಿರುತ್ತದೆ:

4.5, 13.5, 22.5, 31.5, …

13.5 − 4.5 = 9. 22.5 − 13.5 = 9. 31.5 − 22.5 = 9. ಮುಂದಿನ ಗೂಟಗಳನ್ನು 40.5, 49.5, 58.5 ಅಡಿಗಳಲ್ಲಿ ಹೊಡೆಯಬೇಕು. ದಶಮಾಂಶ ಕಂಡ ಕೂಡಲೇ ಹೆದರುವ ಮಕ್ಕಳಿಗೆ ಈ ಸಾಲನ್ನು ಕೊಡಿ. ಪ್ರತಿ ಪದದಲ್ಲೂ ಬಾಲದಂತಿರುವ ಅರ್ಧ ಹಾಗೆಯೇ ಉಳಿಯುತ್ತದೆ, ಬದಲಾಗುವುದು ಮುಂದಿನ ಪೂರ್ಣಾಂಕ ಮಾತ್ರ.

ಹಗ್ಗ ಹಿಡಿದು ಗೂಟ ಹೊಡೆಯುವವರಿಗೆ ಗೊತ್ತಿರುವ ಇನ್ನೊಂದು ಸಂಗತಿ ಇಲ್ಲಿದೆ. ಪ್ರತಿ ಗೂಟವನ್ನೂ ಹಿಂದಿನ ಗೂಟದಿಂದ ಅಳೆದರೆ ಒಂದು ಕಡೆ ಆದ ಅರ್ಧ ಅಡಿಯ ತಪ್ಪು ಸಾಲಿನ ಕೊನೆಯವರೆಗೂ ಸಾಗುತ್ತದೆ. ಅಗಳದಿಂದಲೇ ನೇರವಾಗಿ ಅಳೆದರೆ ಆ ತಪ್ಪು ಒಂದು ಗೂಟಕ್ಕೇ ಮುಗಿಯುತ್ತದೆ. ಶ್ರೇಢಿಯಲ್ಲೂ ಹಾಗೆಯೇ: ಎರಡು ಮೂರು ಪದ ಬೇಕಿದ್ದರೆ ಕೂಡಿಸುತ್ತ ಹೋಗಿ, ಮೂವತ್ತನೆಯ ಪದ ಬೇಕಿದ್ದರೆ ಮೊದಲ ಪದದಿಂದ ನೇರವಾಗಿ ಅಳೆಯಿರಿ. ಆ ವಿಧಾನ ಮುಂದೆ ಬರುತ್ತದೆ.

ಇಳಿಯುವ ಶ್ರೇಢಿಗಳು

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಬೇಸಿಗೆಯ ನಾಲ್ಕು ದಿನಗಳ ಮಟ್ಟ ಹೀಗಿತ್ತು ಎಂದು ಕಲ್ಪಿಸಿಕೊಳ್ಳಿ: 1805.40, 1805.15, 1804.90, 1804.65. ಬಲದಿಂದ ಎಡವನ್ನು ಕಳೆಯಿರಿ.

1805.15 − 1805.40 = −0.25
1804.90 − 1805.15 = −0.25
1804.65 − 1804.90 = −0.25

ಸಾಮಾನ್ಯ ವ್ಯತ್ಯಾಸ −0.25. ಮುಂದಿನ ಮೂರು ಪದಗಳು 1804.40, 1804.15, 1803.90. “ವ್ಯತ್ಯಾಸ 0.25” ಎಂದು ಬರೆದು ಉತ್ತರದಲ್ಲಿ ಮಾತ್ರ ಕಳೆಯುವ ಮಕ್ಕಳಿದ್ದಾರೆ. ಪದಗಳು ಸರಿಯಾಗಿಯೇ ಬರುತ್ತವೆ, ಆದರೆ “ಸಾಮಾನ್ಯ ವ್ಯತ್ಯಾಸ ಎಷ್ಟು?” ಎಂದು ಬೇರೆಯಾಗಿ ಕೇಳಿದಾಗ ಅಂಕ ಹೋಗುತ್ತದೆ. ಋಣ ಚಿಹ್ನೆ ಮೊದಲಿನಿಂದಲೇ ಇರಲಿ.

ನಿಜವಾದ ಜಲಾಶಯ ಇಷ್ಟು ಶಿಸ್ತಿನಿಂದ ಇಳಿಯುವುದಿಲ್ಲ. ಕಣಿವೆ ಮೇಲೆ ಅಗಲ, ಕೆಳಗೆ ಕಿರಿದು. ದಿನವೂ ಒಂದೇ ಪ್ರಮಾಣದ ನೀರು ಬಿಟ್ಟರೂ ಮಟ್ಟ ಕೆಳಗೆ ಹೋದಂತೆಲ್ಲ ಇಳಿತ ಹೆಚ್ಚಾಗುತ್ತದೆ. ಆದ್ದರಿಂದ ಪತ್ರಿಕೆಯಲ್ಲಿ ಬಂದ ನಾಲ್ಕು ದಿನದ ಮಟ್ಟ ನೋಡಿ ಮುಂದಿನ ತಿಂಗಳದ್ದನ್ನು ಹೇಳಲು ಹೋಗಬೇಡಿ. ಪುಸ್ತಕದ ಪ್ರಶ್ನೆಯಲ್ಲಿ “ಸಮಾಂತರ ಶ್ರೇಢಿ” ಎಂದು ಕೊಟ್ಟಿದ್ದರೆ ಮಾತ್ರ ಆ ಧೈರ್ಯ ಸಲ್ಲುತ್ತದೆ.

ಸೊನ್ನೆಯನ್ನು ದಾಟಿ ಕೆಳಗೆ ಹೋಗುವ ಸಾಲುಗಳು ಇನ್ನೊಂದು ತೊಡಕು. ಬಾವಿಯ ಗೋಡೆಯ ಮೇಲೆ ಒಂದು ಗೆರೆ ಎಳೆದಿದ್ದೀರಿ. ನೀರು ಆ ಗೆರೆಗಿಂತ ವಾರದಿಂದ ವಾರಕ್ಕೆ 11, 7, 3 ಅಂಗುಲ ಮೇಲಿದೆ. ವ್ಯತ್ಯಾಸ −4. ಮುಂದಿನ ಪದ 3 − 4 = −1, ಅಂದರೆ ನೀರು ಗೆರೆಗಿಂತ ಒಂದು ಅಂಗುಲ ಕೆಳಗೆ. ಆಮೇಲೆ −5, −9. ಗೆರೆ ಬಂತೆಂದು ನೀರು ಅಲ್ಲೇ ನಿಲ್ಲುವುದಿಲ್ಲವಲ್ಲ, ಶ್ರೇಢಿಯೂ ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಈ ಸಾಲಿನಲ್ಲಂತೂ ಸೊನ್ನೆ ಎಂಬ ಪದವೇ ಬರುವುದಿಲ್ಲ.

ವೇಷ ಮರೆಸಿಕೊಂಡ ಶ್ರೇಢಿಗಳು

ಪರೀಕ್ಷೆಯಲ್ಲಿ ಸೋಲಿಸುವುದು ಇವೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಆರಂಭದಲ್ಲಿ ಹೇಳಿದ 1/6, 1/4, 1/3, 5/12 ಅನ್ನು ನೋಡಿ. ಛೇದಗಳು 6, 4, 3, 12. ಅವುಗಳ ಲಘುತ್ತಮ ಸಾಮಾನ್ಯ ಅಪವರ್ತ್ಯ 12. ಎಲ್ಲವನ್ನೂ ಹನ್ನೆರಡರ ಛೇದಕ್ಕೆ ತನ್ನಿ:

2/12, 3/12, 4/12, 5/12

ವೇಷ ಕಳಚಿತು. ವ್ಯತ್ಯಾಸ 1/12. ಮುಂದಿನವು 6/12, 7/12, 8/12. ಸಂಕ್ಷೇಪಿಸಿದರೆ 1/2, 7/12, 2/3. ಭಿನ್ನರಾಶಿಗಳ ಸಾಲು ಕಂಡರೆ ಕಳೆಯುವ ಮೊದಲು ಛೇದಗಳನ್ನು ಒಂದಾಗಿಸುವುದು ಕಡ್ಡಾಯ. ಉತ್ತರವನ್ನು ಸಂಕ್ಷೇಪಿಸುವುದು ಕೊನೆಗೆ, ನಡುವೆ ಅಲ್ಲ.

ವರ್ಗಮೂಲಗಳದ್ದೂ ಇದೇ ಕಥೆ. √5, √20, √45 ಕೊಟ್ಟಿದ್ದಾರೆ. ಒಳಗಿನ ಸಂಖ್ಯೆಗಳನ್ನು ಕಳೆದರೆ 15, 25 ಸಿಗುತ್ತದೆ; “ಸಮವಿಲ್ಲ, ಶ್ರೇಢಿ ಅಲ್ಲ” ಎಂದು ಬರೆಯುವ ಆಸೆಯಾಗುತ್ತದೆ. ಆದರೆ ವರ್ಗಮೂಲದ ಒಳಗಿರುವುದನ್ನು ಹಾಗೆ ಕಳೆಯುವಂತಿಲ್ಲ. ಒಳಗಿರುವ ಪೂರ್ಣ ವರ್ಗವನ್ನು ಹೊರಗೆ ತನ್ನಿ. 20 = 4 × 5, ಹಾಗಾಗಿ √20 = 2√5. 45 = 9 × 5, ಹಾಗಾಗಿ √45 = 3√5. ಈಗ ಸಾಲು √5, 2√5, 3√5. ವ್ಯತ್ಯಾಸ √5. ಮುಂದಿನವು 4√5, 5√5, 6√5. ಪ್ರಶ್ನೆ ಕೊಟ್ಟ ರೂಪದಲ್ಲೇ ಉತ್ತರ ಬೇಕಿದ್ದರೆ ಮತ್ತೆ ಒಳಗೆ ಕಳಿಸಿ: √80, √125, √180.

ಮೂರನೆಯದು ಗಡಿಯಾರ. ಶಿವಮೊಗ್ಗ ಬಸ್ ನಿಲ್ದಾಣದಿಂದ ಒಂದು ಊರಿಗೆ ಬೆಳಿಗ್ಗೆ 6:15, 7:00, 7:45, 8:30ಕ್ಕೆ ಬಸ್ಸುಗಳಿವೆ ಎಂದುಕೊಳ್ಳಿ. 615, 700, 745 ಎಂಬಂತೆ ಕಳೆದರೆ 85 ಮತ್ತು 45 ಬರುತ್ತದೆ, ಲೆಕ್ಕ ಹದಗೆಡುತ್ತದೆ. ಗಂಟೆಗೆ ಅರವತ್ತು ನಿಮಿಷ, ನೂರಲ್ಲ. ಎಲ್ಲವನ್ನೂ ನಿಮಿಷಗಳಿಗೆ ಇಳಿಸಿ: 375, 420, 465, 510. ವ್ಯತ್ಯಾಸ 45. ಮುಂದಿನವು 555, 600, 645 ನಿಮಿಷ, ಅಂದರೆ 9:15, 10:00, 10:45. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂಬುದು ಗಣಿತದ ಪ್ರಶ್ನೆಯಲ್ಲ.

ಕೊನೆಯದು ಅಕ್ಷರಗಳಿರುವ ಸಾಲು. ಕ + 2, 3ಕ, 4ಕ + 1 ಎಂಬ ಮೂರು ಪದಗಳು ಸಮಾಂತರ ಶ್ರೇಢಿಯಲ್ಲಿವೆ, ನಾಲ್ಕನೆಯದು ಯಾವುದು? ವ್ಯತ್ಯಾಸಗಳು ಸಮ ಎಂಬುದನ್ನೇ ಸಮೀಕರಣವಾಗಿ ಬರೆಯಿರಿ:

3ಕ − (ಕ + 2) = (4ಕ + 1) − 3ಕ
2ಕ − 2 = ಕ + 1
ಕ = 3

ಪದಗಳು 5, 9, 13. ನಾಲ್ಕನೆಯದು 17. ಆವರಣ ಹಾಕದೆ 3ಕ − ಕ + 2 ಎಂದು ಬರೆದರೆ ಕ = −1 ಬಂದು, ಪದಗಳು 1, −3, −3 ಆಗುತ್ತವೆ. ಬೆಲೆ ಸಿಕ್ಕ ಮೇಲೆ ಪದಗಳನ್ನು ಬರೆದು ಇನ್ನೊಮ್ಮೆ ಕಳೆದು ನೋಡಿ ಎಂದು ಹೇಳುವುದು ಇದಕ್ಕಾಗಿಯೇ.

ನಡುವೆ ಬಿಟ್ಟುಹೋದ ಪದಗಳು

7, __, 23 ಎಂದಿದ್ದರೆ ನಡುವಿನ ಪದ ಎರಡರ ಸರಾಸರಿ: (7 + 23) ÷ 2 = 15.

ಎರಡು ಪದ ಬಿಟ್ಟಿದ್ದರೆ ಸರಾಸರಿ ಸಾಲದು. 5, __, __, 26 ಎಂಬಲ್ಲಿ 5ರಿಂದ 26ಕ್ಕೆ ಹೋಗಲು ಮೂರು ನೆಗೆತಗಳಿವೆ. ಒಟ್ಟು ಏರಿಕೆ 21, ಒಂದು ನೆಗೆತಕ್ಕೆ 7. ಬಿಟ್ಟ ಪದಗಳು 12, 19. ಖಾಲಿ ಜಾಗಗಳನ್ನು ಎಣಿಸಿ ಎರಡರಿಂದ ಭಾಗಿಸಬೇಡಿ. ನೆಗೆತಗಳು ಖಾಲಿ ಜಾಗಗಳಿಗಿಂತ ಒಂದು ಹೆಚ್ಚು.

ದೂರದ ಪದವನ್ನು ನೇರವಾಗಿ ಹಿಡಿಯುವುದು

8, 15, 22, … ಶ್ರೇಢಿಯ 50ನೇ ಪದ ಎಷ್ಟು? ಏಳೇಳಾಗಿ ಕೂಡಿಸುತ್ತ ಹೋದರೆ ಕತ್ತಲಾಗುತ್ತದೆ. ಒಂದನೇ ಮರದಿಂದ ಐವತ್ತನೇ ಮರದವರೆಗೆ ಸಾಲಿನಲ್ಲಿ ನಡೆದರೆ ಎಷ್ಟು ಅಂತರಗಳನ್ನು ದಾಟುತ್ತೀರಿ? 49. ಹಾಗಾಗಿ

ಬೇಕಾದ ಪದ = ಮೊದಲ ಪದ + (ಸ್ಥಾನ − 1) × ಸಾಮಾನ್ಯ ವ್ಯತ್ಯಾಸ

8 + 49 × 7 = 8 + 343 = 351.

50ರಿಂದಲೇ ಗುಣಿಸಿದರೆ 358 ಬರುತ್ತದೆ. ಅದು 51ನೇ ಪದ. ಈ ಒಂದನ್ನು ಕಳೆಯುವ ಸೂಕ್ಷ್ಮ ಹೊಸದೇನಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ಲೀಲಾವತಿಯಲ್ಲಿ ಅಂತ್ಯಪದದ ಸೂತ್ರ ಶುರುವಾಗುವುದೇ ಪದಗಳ ಸಂಖ್ಯೆಯಿಂದ ಒಂದನ್ನು ಕಳೆಯುವ ಮಾತಿನಿಂದ. ಅದಕ್ಕೂ ಹಿಂದೆ, ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರೂ ಶ್ರೇಢಿಗಳ ಲೆಕ್ಕವನ್ನು ವಿಸ್ತಾರವಾಗಿ ಬರೆದಿದ್ದಾರೆ.

ಸೂತ್ರವನ್ನು ತಿರುಗಿಸಿಯೂ ಬಳಸಬಹುದು. 200 ಅಡಿ ಉದ್ದದ ಸಾಲಿನಲ್ಲಿ ಎಷ್ಟು ಅಡಿಕೆ ಸಸಿ ಹಿಡಿಸುತ್ತದೆ? ಮೊದಲ ಗುಣಿ 4.5 ಅಡಿಯಲ್ಲಿದೆ, ಉಳಿದದ್ದು 195.5 ಅಡಿ. ಅದನ್ನು 9ರಿಂದ ಭಾಗಿಸಿದರೆ 21 ಪೂರ್ಣ ಅಂತರ ಸಿಕ್ಕಿ 6.5 ಅಡಿ ಮಿಗುತ್ತದೆ. ಅಂತರ 21 ಎಂದರೆ ಸಸಿ 22. ಕೊನೆಯ ಗುಣಿ 4.5 + 21 × 9 = 193.5 ಅಡಿಯಲ್ಲಿ. ಇಪ್ಪತ್ತೊಂದೇ ಸಸಿ ತಂದವರು ಮತ್ತೊಮ್ಮೆ ನರ್ಸರಿಗೆ ಹೋಗಬೇಕಾಗುತ್ತದೆ.

ಉತ್ತರ ತಾಳೆ ನೋಡುವ ಚುರುಕು ದಾರಿ

ಪೂರ್ಣಾಂಕಗಳ ಶ್ರೇಢಿಯಾಗಿದ್ದರೆ ಶೇಷವನ್ನು ನೋಡಿ. 8, 15, 22 ಯಾವುದನ್ನು 7ರಿಂದ ಭಾಗಿಸಿದರೂ ಶೇಷ 1. ಹಾಗಾದರೆ ಮುಂದಿನ ಪ್ರತಿ ಪದಕ್ಕೂ ಶೇಷ 1 ಇರಲೇಬೇಕು. 50 = 49 + 1, ಸರಿ. 351 = 350 + 1, ಸರಿ. 358 − 1 = 357 ಕೂಡ 7ರಿಂದ ಭಾಗವಾಗುತ್ತದೆ ಎಂಬುದನ್ನು ಗಮನಿಸಿ. ಅಂದರೆ ಒಂದು ಸಂಖ್ಯೆ ಶ್ರೇಢಿಯಲ್ಲಿ ಇದೆಯೇ ಎಂದು ಈ ಪರೀಕ್ಷೆ ಹೇಳುತ್ತದೆ, ಎಷ್ಟನೇ ಸ್ಥಾನದಲ್ಲಿದೆ ಎಂದು ಹೇಳುವುದಿಲ್ಲ.

“200 ಈ ಶ್ರೇಢಿಯ ಪದವೇ?” ಎಂಬ ಪ್ರಶ್ನೆಗೂ ಇದೇ ಉತ್ತರ. 200ನ್ನು 7ರಿಂದ ಭಾಗಿಸಿದರೆ ಶೇಷ 4, ಪದವಲ್ಲ. 204ಕ್ಕೆ ಶೇಷ 1, ಹೌದು, ಪದವೇ. (204 − 8) ÷ 7 = 28 ನೆಗೆತ, ಆದ್ದರಿಂದ 29ನೇ ಪದ.

ಮೋಸ ಮಾಡುವ ಸಾಲುಗಳು

3, 5, 7 ಎಂದು ಮಾತ್ರ ಕೊಟ್ಟು ಮುಂದಿನದು ಏನು ಎಂದರೆ 9 ಎನ್ನಬಹುದು, 11 ಎಂದೂ ಎನ್ನಬಹುದು. ಎರಡನೆಯವರು ಅವಿಭಾಜ್ಯ ಸಂಖ್ಯೆಗಳನ್ನು ನೋಡುತ್ತಿದ್ದಾರೆ. 1, 2, 4ಕ್ಕೆ 7 ಕೂಡ ಸರಿ, 8 ಕೂಡ ಸರಿ. ಪ್ರಶ್ನೆಯಲ್ಲಿ ನಿಯಮವನ್ನು ಹೇಳದೆ ಎರಡು ಮೂರು ಸಂಖ್ಯೆ ಕೊಟ್ಟು “ಬುದ್ಧಿವಂತರಾದರೆ ಹೇಳಿ” ಎನ್ನುವ ಮೊಬೈಲ್ ಸಂದೇಶಗಳು ಗಣಿತವಲ್ಲ, ಕಾಲಹರಣ.

ಸಾಲದ, ಠೇವಣಿಯ ಲೆಕ್ಕದಲ್ಲಿ ಈ ಎಚ್ಚರಕ್ಕೆ ನಿಜವಾದ ಬೆಲೆ ಇದೆ. 10,000 ರೂಪಾಯಿಗೆ ವರ್ಷಕ್ಕೆ ಶೇ. 8 ಸರಳ ಬಡ್ಡಿಯಾದರೆ ವರ್ಷಾಂತ್ಯದ ಮೊತ್ತಗಳು 10,800, 11,600, 12,400. ಇದು ಸಮಾಂತರ ಶ್ರೇಢಿ. ಚಕ್ರಬಡ್ಡಿಯಾದರೆ 10,800, 11,664, 12,597.12. ಮೊದಲ ವರ್ಷದ ಅಂಕಿ ಎರಡರಲ್ಲೂ ಒಂದೇ. ಅದನ್ನು ಮಾತ್ರ ನೋಡಿದವರಿಗೆ ಯಾವ ಬಡ್ಡಿ ಎಂಬುದೇ ಗೊತ್ತಾಗುವುದಿಲ್ಲ. ಎರಡನೆಯ ವ್ಯತ್ಯಾಸವನ್ನು ಕಳೆದವರಿಗೆ 800ರ ಬದಲು 864 ಕಂಡು ಗೊತ್ತಾಗುತ್ತದೆ.

ಸಂತೆಯ ದಿನಾಂಕಗಳು ಬೇರೆ ಬಗೆಯವು. ವಾರಕ್ಕೊಮ್ಮೆ ಸಂತೆ ಸೇರುವ ಊರಿನಲ್ಲಿ ಈ ತಿಂಗಳ ಸಂತೆ 5, 12, 19, 26ಕ್ಕೆ. ವ್ಯತ್ಯಾಸ 7, ಮುಂದಿನದು 33. ಆದರೆ ಯಾವ ತಿಂಗಳಲ್ಲೂ 33ನೇ ತಾರೀಕು ಇಲ್ಲ. ಮೂವತ್ತು ದಿನದ ತಿಂಗಳಾದರೆ ಮುಂದಿನ ತಿಂಗಳ 3, ಮೂವತ್ತೊಂದಾದರೆ 2. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಿಗೂ ಹೀಗೆಯೇ: 1, 2, 3 ಎಂಬ ಎಣಿಕೆ 14ಕ್ಕೆ ಮುಗಿಯುತ್ತದೆ. ಆ ಎಣಿಕೆ ಸಮಾಂತರ ಎಂದ ಮಾತ್ರಕ್ಕೆ ತಿರುವುಗಳ ನಡುವಿನ ದೂರ ಸಮ ಎಂದು ಯಾರೂ ಭಾವಿಸಬಾರದು. ವಾಹನ ಓಡಿಸುವವರಂತೂ ಖಂಡಿತ ಬೇಡ.

ಮಾಡಿ ನೋಡಲು

ಉತ್ತರ ಕೆಳಗೇ ಇದೆ, ಆದರೆ ಕೈಯಿಂದ ಮುಚ್ಚಿಕೊಂಡು ಮಾಡಿ. ಮುಂದಿನ ಮೂರು ಪದಗಳನ್ನು ಬರೆಯಿರಿ. ಸಮಾಂತರ ಶ್ರೇಢಿ ಅಲ್ಲದಿದ್ದರೆ ಅಲ್ಲ ಎಂದು ಹೇಳಿ.

1. −13, −7, −1, …
2. 5/8, 1/2, 3/8, …
3. √7, √28, √63, …
4. 2, 3, 5, 8, …
5. 6, __, __, __, 34 (ಬಿಟ್ಟ ಪದಗಳು)
6. ಮೊದಲ ಗುಣಿ 4.5 ಅಡಿ, ಅಂತರ 9 ಅಡಿ. 15ನೇ ಗುಣಿ ಎಲ್ಲಿ?
7. ಬಸ್ಸುಗಳು 9:40, 10:15, 10:50, …

ಉತ್ತರಗಳು. ಒಂದನೆಯದರಲ್ಲಿ −7 − (−13) = 6, ಪದಗಳು 5, 11, 17. ಎರಡನೆಯದನ್ನು ಎಂಟರ ಛೇದಕ್ಕೆ ತಂದರೆ ವ್ಯತ್ಯಾಸ −1/8. ಪದಗಳು 1/4, 1/8, 0. ಇಲ್ಲಿ ಸೊನ್ನೆ ನಿಜವಾಗಿಯೂ ಬರುತ್ತದೆ. ಮೂರನೆಯದು √112, √175, √252. ನಾಲ್ಕನೆಯದರ ವ್ಯತ್ಯಾಸಗಳು 1, 2, 3, ಸಮಾಂತರ ಶ್ರೇಢಿಯಲ್ಲ. ಐದನೆಯದರಲ್ಲಿ ನಾಲ್ಕು ನೆಗೆತಕ್ಕೆ 28, ಆದ್ದರಿಂದ 13, 20, 27. ಆರನೆಯದು 4.5 + 14 × 9 = 130.5 ಅಡಿ. ಏಳನೆಯದರ ಅಂತರ 35 ನಿಮಿಷ: 11:25, 12:00, 12:35. ನಡುವಿನದನ್ನು 11:60 ಎಂದು ಬರೆದಿದ್ದರೆ ಗಡಿಯಾರದ ಭಾಗವನ್ನು ಮತ್ತೊಮ್ಮೆ ಓದಿ.